ಹೇಗ್‌ನಲ್ಲಿ ಇಲ್ಲದ ಸಾಕ್ಷಿ

ಜನವರಿ ೧೦, ಮಂಗಳವಾರ

ಕಾಲ್ಕ್‌ಮನ್ ನನ್ನ ವಾರ ಹಾಳು ಮಾಡಿದ್ದಾಳೆ. ವಾರ ಅಂತೇನು, ಇಡೀ ಚಳಿಗಾಲ. ನೂರಾ ನಲವತ್ತು ಪುಟದ ದಾವೆ. ಹದಿನೆಂಟು ವರ್ಷದ ಹಿಂದೆ ನಾನು ವಕೀಲಿ ಕಲಿತದ್ದು ಈ ಹನ್ನೆಕೆ ಕಾಲ್ಕ್‌ಮನ್ ಹತ್ತಿರವೇ. ಅದಕ್ಕೇ ಈಗ ನಾನು ಸರ್ಕಾರದ ವಕೀಲಳಾಗಿ ಎದುರು ನಿಂತರೂ ಎಲ್ಲರ ಮುಂದೆ ನನ್ನನ್ನು 'ಏನಮ್ಮಾ ಫೆನ್ನಾ' ಅನ್ನುವ ಹಕ್ಕು ತನಗಿದೆ ಅಂದುಕೊಂಡಿದ್ದಾಳೆ.

ಸಂಗತಿ ಇಷ್ಟು. ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ವಿಶೇಷ ನ್ಯಾಯಮಂಡಳಿ ಮಧ್ಯ ಆಫ್ರಿಕಾದ ಒಂದು ಜೈಲಿನಿಂದ ಒಬ್ಬ ಸಾರ್ಜೆಂಟನನ್ನು ಸಾಕ್ಷಿ ಹೇಳಲು ಇಲ್ಲಿಗೆ ಎರವಲು ತಂದಿತ್ತು. ಸಾಕ್ಷಿ ಸಂಖ್ಯೆ ಮೂವತ್ತೊಂದು. ಸೇನೆಯ ರೇಡಿಯೋ ನೋಡಿಕೊಳ್ಳುತ್ತಿದ್ದವನು. ಹೇಳಬೇಕು, ವಾಪಸ್ ಹೋಗಬೇಕು, ಒಪ್ಪಂದ ಅಷ್ಟೇ. ಅವನು ಹನ್ನೊಂದು ದಿನ ಹೇಳಿದ. ಹಳ್ಳಿಗಳನ್ನು ಸುಡುವ ಹುಕುಂ ಬಂದದ್ದು ಕಟಕಟೆಯಲ್ಲಿರುವ ಬಂಡುಕೋರ ನಾಯಕನಿಂದಲ್ಲ, ತನ್ನದೇ ಅಧ್ಯಕ್ಷರ ಮನೆಯಿಂದ, ಅದನ್ನು ತಾನೇ ರೇಡಿಯೋದಲ್ಲಿ ಕೇಳಿಸಿಕೊಂಡೆ ಅಂದ. ಹನ್ನೆರಡನೇ ದಿನ, ವಾಪಸ್ ಹೋದರೆ ಕೊಲ್ಲುತ್ತಾರೆ, ಆಶ್ರಯ ಕೊಡಿ ಅಂತ ನಮ್ಮ ಸರ್ಕಾರಕ್ಕೆ ಅರ್ಜಿ ಹಾಕಿದ.

ನಮ್ಮ ಉತ್ತರ ಒಂದೇ ಸಾಲಿನದು. ಅವನು ಈ ದೇಶದಲ್ಲಿ ಇಲ್ಲ. ಇರುವುದು ನ್ಯಾಯಮಂಡಳಿಯ ವಶದಲ್ಲಿ. ಜೈಲಿನ ಗೋಡೆ ನಮ್ಮದು, ಬೀಗ ನಮ್ಮದು, ಸೂಪು ಬೇಯಿಸುವವರೂ ನಮ್ಮವರೇ ಇರಬಹುದು. ಆದರೆ ಆ ಹನ್ನೆರಡು ಕೋಣೆಗಳನ್ನು ಮಂಡಳಿಗೆ ಬಿಟ್ಟುಕೊಟ್ಟಿದ್ದೇವೆ. ಅಲ್ಲಿ ನಮ್ಮ ಕಾನೂನು ನಡೆಯುವುದಿಲ್ಲ. ಈ ಉತ್ತರದ ವಿರುದ್ಧವೇ ಅವನ ಪರವಾಗಿ ಕಾಲ್ಕ್‌ಮನ್ ದಾವೆ. 

ರುಟ್ಗರ್ ನನ್ನ ವಿಭಾಗದ ಮುಖ್ಯಸ್ಥ. ಕಡತ ನನ್ನ ಕಡೆ ನೂಕಿ, "ಲೋಕದ ನ್ಯಾಯಕ್ಕೆ ಜಾಗ ಕೊಟ್ಟಿದೀವಿ ಫೆನ್ನಾ. ಜಾಗ ಕೊಟ್ಟ ತಪ್ಪಿಗೆ ಮನೇನೇ ಬರ್ಕೊಡೋಕಾಗುತ್ತಾ?" ಅಂದರು.

ಸರಿಯಾಗೇ ಅಂದರು. ಒಬ್ಬನಿಗೆ ಹೂಂ ಅಂದರೆ ನಾಳೆ ಬರುವ ಪ್ರತಿ ಸಾಕ್ಷಿಯೂ ವಿಮಾನ ಇಳಿಯುವಾಗಲೇ ಅರ್ಜಿ ಹಿಡಿದಿರುತ್ತಾನೆ. ಆಮೇಲೆ ಯಾವ ದೇಶ ತನ್ನ ಕೈದಿಯನ್ನು ಇಲ್ಲಿಗೆ ಕಳಿಸುತ್ತೆ? ಸಾಕ್ಷಿ ಬರದ ಕೋರ್ಟು ಯಾಕೆ ಬೇಕು? ಇದು ಕಾಲ್ಕ್‌ಮನ್‌ಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಬರೆದಿದ್ದಾಳೆ. ಸಿಟ್ಟು ಬರುವುದು ಅದಕ್ಕೇ.

ಜನವರಿ ೨೨, ಭಾನುವಾರ

ಅಕ್ಕನ ಅಂಗಡಿಗೆ ಹೋಗಬಾರದಿತ್ತು. ಅಕ್ಕ ಗೇರ್ತ್ಯೆ, ಸ್ಖೇವನಿಂಗನ್ ಅನ್ನುವ ಬಂದರಿನಲ್ಲಿ ಮೀನು ಮಾರುತ್ತಾಳೆ. ಆ ಜೈಲು ಅಲ್ಲಿಂದ ಅರ್ಧ ಗಂಟೆಯ ನಡಿಗೆ. ಕಾವಲಿನವರೆಲ್ಲ ಅವಳ ಗಿರಾಕಿಗಳು.

"ನಿನ್ನ ಸಾರ್ಜೆಂಟು ಸಾಯಂಕಾಲ ಊಟಾನೇ ಮಾಡಲ್ವಂತೆ ಕಣೇ," ಅಂದಳು, ಹೆರಿಂಗ್ ಮೀನಿನ ಮುಳ್ಳು ತೆಗೆಯುತ್ತಾ. "ತಣ್ಣಗಿನ ಬ್ರೆಡ್ಡು, ಚೀಸು ನೋಡಿ, ಇದು ತಿಂಡಿ, ಊಟ ಯಾವಾಗ ಅಂತ ಕೇಳ್ತಾನಂತೆ. ಪಾಪ, ಒಂದು ವರ್ಷ ಆಯ್ತು, ಇನ್ನೂ ಕಾಯ್ತಾನೇ ಇದಾನೆ."

"ಅವನು ನನ್ನ ಸಾರ್ಜೆಂಟಲ್ಲ. ನಿನಗೆ ಇದೆಲ್ಲ ಹೇಳಿದವನ ಕೆಲಸ ಹೋಗುತ್ತೆ."

"ಹೋಗ್ಲಿ ಬಿಡು. ಅಲ್ವೇ, ಅವನು ಇಲ್ಲಿ ಇಲ್ಲ ಅಂತ ಬರ್ದಿದೀಯಂತೆ?"

"ಕಾನೂನಿನ ಮಟ್ಟಿಗೆ ಇಲ್ಲ."

"ಹಂಗಾದ್ರೆ ಆ ಬ್ರೆಡ್ಡು ಯಾರು ವಾಪಸ್ ಕಳಿಸ್ತಿರೋದು?"

ಸಾಲಿನಲ್ಲಿ ನಿಂತಿದ್ದ ಇಬ್ಬರು ನಕ್ಕರು. ಇಪ್ಪತ್ತು ವರ್ಷ ಕಾನೂನು ಓದಿ, ದುಡಿದು, ಈಗ ಮೀನು ಕೊಳ್ಳಲು ಬಂದವರ ಮುಂದೆ ನಗೆಪಾಟಲಾಗಬೇಕು. ತಿಂದದ್ದು ಅರ್ಧಕ್ಕೇ ಬಿಟ್ಟು ಬಂದೆ.

ಫೆಬ್ರವರಿ ೧೪, ಮಂಗಳವಾರ

ಮೊದಲ ವಿಚಾರಣೆ. ಸಿಟ್ಟು ಇನ್ನೂ ಇಳಿದಿಲ್ಲ.

ಅವನನ್ನು ನಮ್ಮ ಕೋರ್ಟಿಗೆ ಕರೆತರಬೇಕು ಅಂತ ಕಾಲ್ಕ್‌ಮನ್ ಕೇಳಿದ್ದಳು. ನಾನು ಬಿಡಲಿಲ್ಲ. ಜೈಲಿನ ಗೇಟು ದಾಟಿ ಒಂದು ಹೆಜ್ಜೆ ಇಟ್ಟರೂ ಅವನು ನಮ್ಮ ನೆಲದ ಮೇಲೆ ನಿಂತ ಹಾಗೆ, ಆಮೇಲೆ ವಾದವೇ ಉಳಿಯುವುದಿಲ್ಲ. ಹಾಗಾಗಿ ಗೋಡೆಯ ಮೇಲೆ ಟಿವಿ ಪರದೆ ಇಟ್ಟರು. ಓಡೆಟ್ ಅನ್ನುವ ದುಭಾಷಿ ನ್ಯಾಯಾಧೀಶರ ಪಕ್ಕ ಕೂತಳು. ಪರದೆಯಲ್ಲಿ ಅವನು. ಅಂದುಕೊಂಡದ್ದಕ್ಕಿಂತ ಸಣ್ಣಗಿದ್ದಾನೆ. ಕೊರಳಿನ ತನಕ ಗುಂಡಿ ಹಾಕಿದ ಅಂಗಿ.

ದಾಖಲೆಗೆ ಬೇಕಲ್ಲ, ನ್ಯಾಯಾಧೀಶರು ವಾಡಿಕೆಯಂತೆ ಹೆಸರು, ಹುಟ್ಟಿದ ದಿನ, ವಿಳಾಸ ಕೇಳಿದರು. ಹೆಸರು ಹೇಳಿದ: ಪ್ರೊಸ್ಪೇರ್ ಲುಸಾಂಬಿಯಾ. ದಿನ ಹೇಳಿದ. ವಿಳಾಸಕ್ಕೆ ಬಂದಾಗ ಸ್ವಲ್ಪ ಯೋಚಿಸಿ, "ಅದನ್ನ ಸರ್ಕಾರದ ವಕೀಲರನ್ನೇ ಕೇಳಿ ಮೇಡಂ. ಅವರು ಹೇಳಿದ್ದನ್ನ ಬರ್ಕೊಳ್ಳಿ, ನನ್ನದೇನೂ ತಕರಾರಿಲ್ಲ" ಅಂದ.

ಪತ್ರಕರ್ತರ ಬೆಂಚಿನಲ್ಲಿ ನಗು. ನ್ಯಾಯಾಧೀಶರೂ ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ಬಾಯಿ ಮುಚ್ಚಿಕೊಂಡರು. ಅವನು ಮಾತ್ರ ನಗಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ತಮಾಷೆ ಮಾಡಿ ನಕ್ಕಿದ್ದರೆ ಉದ್ಧಟ ಅನ್ನಬಹುದಿತ್ತು.

ಹೊರಗೆ ಕಾಲ್ಕ್‌ಮನ್ ಪ್ಯಾಂಟಿಗೆ ಸೈಕಲ್ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಾ, "ಚೆನ್ನಾಗಿ ವಾದ ಮಾಡಿದೆ ಫೆನ್ನಾ. ನಾನೇ ಕಲಿಸಿದ್ದು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗೋಷ್ಟು ಚೆನ್ನಾಗಿ" ಅಂದಳು.

ಮಾರ್ಚ್ ೧, ಬುಧವಾರ

ಗೆದ್ದೆವು. ರುಟ್ಗರ್ ಸೇಬಿನ ಕೇಕು ತಂದಿದ್ದರು. ನನಗೆ ದೊಡ್ಡ ತುಂಡು.

ಮಾರ್ಚ್ ೬, ಸೋಮವಾರ

ಕೇಕು ಅರಗುವ ಮೊದಲೇ ಮೇಲ್ಮನವಿ. ಜೊತೆಗೆ ನ್ಯಾಯಮಂಡಳಿಯವರ ಕಾಗದ. ಸಾಕ್ಷಿಯ ಕೆಲಸ ಮುಗಿದು ಬಹಳ ದಿನವಾಯಿತು, ಅವನನ್ನು ಇಟ್ಟುಕೊಳ್ಳಲು ನಮಗೆ ಕಾರಣವಿಲ್ಲ, ಬೇಗ ನಿಮ್ಮ ಪೊಲೀಸರಿಗೆ ಒಪ್ಪಿಸುತ್ತೇವೆ, ವಿಮಾನ ಹತ್ತಿಸುವುದು ಆತಿಥೇಯ ದೇಶದ ಕರ್ತವ್ಯ ಅಂತ. ಅವರದೂ ಶುದ್ಧ ಕೈ. ಅವನ ದೇಶ 'ನಮ್ಮ ಕೈದಿ ನಮಗೆ ಕೊಡಿ' ಅನ್ನುತ್ತೆ. ಮಂಡಳಿ 'ಕೊಡುವುದು ನಮ್ಮ ಬಾಧ್ಯತೆ' ಅನ್ನುತ್ತೆ. ನಾವು 'ನಮಗೆ ಸಂಬಂಧವಿಲ್ಲ' ಅನ್ನುತ್ತೇವೆ. ಮೂವರ ಕಾಗದವೂ ವ್ಯಾಕರಣಶುದ್ಧ.

ಅವನ ದೇಶದಿಂದ ಅಭಯಪತ್ರ ಬಂದಿದೆ. ಒಂದೇ ಪುಟ. 'ಸದರಿ ವ್ಯಕ್ತಿಗೆ ಯಾವ ಹಾನಿಯೂ ಆಗದು.' ಸದರಿ ವ್ಯಕ್ತಿಯ ಹೆಸರನ್ನೇ ತಪ್ಪಾಗಿ ಬರೆದಿದ್ದಾರೆ: ಲುಸಾಂಬಾ. ಲುಸಾಂಬಾ ಅನ್ನುವವನಿಗೆ ಏನೂ ಆಗುವುದಿಲ್ಲ, ಸಂತೋಷ. ಇದನ್ನು ನಾನು ಕೋರ್ಟಿನ ಮುಂದೆ ಇಡಬೇಕು. ಇಷ್ಟು ಬೇಜವಾಬ್ದಾರಿಯ ಕೆಲಸ ನಮ್ಮ ಹೊಸ ಗುಮಾಸ್ತರೂ ಮಾಡುವುದಿಲ್ಲ.

ಪತ್ರವನ್ನು ಅವನಿಗೆ ಓದಿ ಹೇಳಿ, ಉತ್ತರ ಬರೆದುಕೊಂಡು ಬನ್ನಿ ಅಂತ ಮೇಲ್ಮನವಿ ಪೀಠದ ಸೂಚನೆ. ಅಂದರೆ ನಾನೇ ಹೋಗಬೇಕು. ಇಲ್ಲದವನನ್ನು ನೋಡಲು.

ಮಾರ್ಚ್ ೯, ಗುರುವಾರ

ಹೋಗಿಬಂದೆ. ಸಂದರ್ಶನದ ಕೋಣೆಯಲ್ಲಿ ನಾನು, ಕಾಲ್ಕ್‌ಮನ್, ಓಡೆಟ್, ಅವನು. ನಾನು ಒಳಗೆ ಬಂದಾಗ ಎದ್ದು ನಿಂತ. ನಾನು ಕೂರುವ ತನಕ ಕೂರಲಿಲ್ಲ.

ಪತ್ರ ಓದಿದೆ. ಕೇಳಿಸಿಕೊಂಡು, "ಈ ಲುಸಾಂಬಾ ಯಾರು?" ಅಂದ.

"ಅಕ್ಷರ ತಪ್ಪಾಗಿದೆ."

"ನಮ್ಮ ಕಡೆ ಅಕ್ಷರ ತಪ್ಪಾಗಲ್ಲ ಮೇಡಂ. ನಾನು ಒಂಬತ್ತು ವರ್ಷ ರೇಡಿಯೋದಲ್ಲಿ ಹೆಸರು ಓದಿದೀನಿ. ಬೇಕು ಅಂದಾಗ ಅವರು ಹೆಸರು ಸರಿಯಾಗೇ ಹೇಳ್ತಾರೆ."

ಬರೆದುಕೊಂಡೆ. ಇನ್ನೇನಾದರೂ ಹೇಳುವುದಿದೆಯಾ ಅಂತ ಕೇಳಿದೆ. ಅದು ನಮೂನೆಯಲ್ಲಿರುವ ಪ್ರಶ್ನೆ, ನಾನಾಗಿ ಕೇಳಿದ್ದಲ್ಲ.

"ನನ್ನ ಜೊತೆ ಅಲ್ಲಿನ ಜೈಲಲ್ಲಿ ಇಬ್ಬರಿದ್ದರು. ಇಲುಂಗಾ, ಚಿಬಾಂಡಾ. ಅವರೂ ನ್ಯಾಯಮಂಡಳಿಗೆ ಹೇಳಿಕೆ ಬರ್ಕೊಟ್ಟಿದ್ದರು. ಹುಕುಂ ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತು. ಅವರನ್ನ ಇಲ್ಲಿಗೆ ಕರೆಸಲಿಲ್ಲ. ಅವರು ಹೇಗಿದಾರೆ ಅಂತ ಗೊತ್ತಾದ್ರೆ, ನಾನು ಹೇಗಿರ್ತೀನಿ ಅಂತ ನಿಮಗೂ ಗೊತ್ತಾಗುತ್ತೆ. ಅಲ್ಲಿ ನಿಮ್ಮ ರಾಯಭಾರ ಕಚೇರಿ ಇದೆಯಲ್ಲ, ಒಂದು ಮಾತು ಕೇಳಿ ನೋಡಿ."

"ಅದು ನನ್ನ ಕೆಲಸ ಅಲ್ಲ," ಅಂದೆ.

ಓಡೆಟ್ ಅನುವಾದಿಸಿದಳು. ಲುಸಾಂಬಿಯಾ ತಲೆಯಾಡಿಸಿ, "ಹೌದು, ಯಾರದೂ ಅಲ್ಲ" ಅಂದರು. ಕುಹಕವಿರಲಿಲ್ಲ. ಲೆಕ್ಕದ ಮೇಷ್ಟ್ರು ಉತ್ತರ ಸರಿ ಅಂದ ಹಾಗೆ ಅಂದರು.

ಕಚೇರಿಗೆ ಬಂದವಳೇ ರಾಯಭಾರ ಕಚೇರಿಗೆ ಬರೆದೆ. ಲುಸಾಂಬಿಯಾ ಬಾಯಿ ಮುಚ್ಚಿಸಲು. ಇಬ್ಬರೂ ಸುಖವಾಗಿದ್ದಾರೆ ಅಂತ ಒಂದು ಸಾಲು ಬಂದರೆ ಮೇಲ್ಮನವಿಯೇ ಮುಗಿಯಿತು.

ಮಾರ್ಚ್ ೧೭, ಶುಕ್ರವಾರ

ಉತ್ತರ ಬಂತು. ಆರು ಸಾಲು.

ಫೆಬ್ರವರಿ ಎರಡರಂದು ಸೇನಾ ಪೊಲೀಸರು ಇಲುಂಗಾ ಮತ್ತು ಚಿಬಾಂಡಾ ಇಬ್ಬರನ್ನೂ ಜೈಲಿನಿಂದ ಕರೆದುಕೊಂಡು ಹೋದರು. ಎಲ್ಲಿಗೆ ಅಂತ ದಾಖಲೆಯಿಲ್ಲ. ಜೈಲಿನ ವೈದ್ಯರು ನಂಬಿಕಸ್ಥರೊಬ್ಬರಿಗೆ ಹೇಳಿದ ಪ್ರಕಾರ ಇಬ್ಬರೂ ಅದೇ ವಾರ ತೀರಿಕೊಂಡಿದ್ದಾರೆ. ಅಧಿಕೃತವಾಗಿ ಈಗಲೂ ಇಬ್ಬರೂ ಅದೇ ಜೈಲಿನಲ್ಲಿದ್ದಾರೆ.

ಅಭಯಪತ್ರದ ತಾರೀಖು ನೋಡಿದೆ. ಫೆಬ್ರವರಿ ಇಪ್ಪತ್ತು.

ರುಟ್ಗರ್ ಓದಿ, ಕಾಗದವನ್ನು ಮಗುಚಿ ಇಟ್ಟರು.

"ಇದು ಒಳಗಿನ ಕಾಗದ ಫೆನ್ನಾ. ಯಾರೂ ಕೇಳಿಲ್ಲ."

"ಕೇಳಿದ್ರೆ?"

"ಅಭಯಪತ್ರಾನ ಅನುಮಾನಿಸೋ ಹಾಗಿರೋ ಖಚಿತ ಮಾಹಿತಿ ಸರ್ಕಾರದ ಹತ್ರ ಇಲ್ಲ ಅನ್ನಿ. ಖಚಿತ ಅಂತ ಒಂದು ಪದ ಇದೆ ನೋಡಿ, ಅದು ಇರೋದೇ ಅದಕ್ಕೆ. ಡಾಕ್ಟರು ಯಾರಿಗೋ ಹೇಳಿದ್ದು, ಅವರು ಇನ್ಯಾರಿಗೋ ಹೇಳಿದ್ದು."

"ಅವರು ಸತ್ತಿದಾರೆ ರುಟ್ಗರ್."

"ಇವನನ್ನ ಉಳಿಸ್ಕೊಂಡ್ರೆ ಆ ದೇಶ ಇನ್ನೊಬ್ಬ ಸಾಕ್ಷೀನ ಕಳಿಸಲ್ಲ. ಬೇರೆ ದೇಶಗಳೂ ಕಳಿಸಲ್ಲ. ಹಳ್ಳಿ ಸುಟ್ಟವರೆಲ್ಲ ಆರಾಮಾಗಿ ಇರ್ತಾರೆ. ನಾನು ರಾಕ್ಷಸ ಅಂದ್ಕೋಬೇಡಿ. ಈ ಕೇಸಿಂದ ನಾನೂ ನಿದ್ದೆ ಮಾಡಿ ಮೂರು ದಿನ ಆಯ್ತು."

ನಿಜ ಅನ್ನಿಸಿತು, ಅವರ ಕಣ್ಣು ಕೆಂಪಗಿತ್ತು. ಅದೂ ಸಿಟ್ಟು ತರಿಸಿತು. ರಾಕ್ಷಸನಾಗಿದ್ದರೆ ಬಾಗಿಲು ಬಡಿದು ಬರಬಹುದಿತ್ತು. ಮೆಲ್ಲಗೆ ಹಾಕಿಕೊಂಡು ಬಂದೆ.

ಮಾರ್ಚ್ ೧೯, ಭಾನುವಾರ

ಅಕ್ಕನ ಜೊತೆ ಜಗಳ. ಕಾರಣ ನೆನಪಿಲ್ಲ. ಬಹುಶಃ ನಾನೇ ಶುರು ಮಾಡಿದೆ. "ಏನೋ ನುಂಗ್ಕೊಂಡಿದೀಯ, ಉಗುಳಿ ಹೋಗೇ" ಅಂದಳು. ಅವಳಿಗೆ ಹೇಳುವ ಹಾಗಿಲ್ಲ. ಯಾರಿಗೂ ಹೇಳುವ ಹಾಗಿಲ್ಲ.

ನಾಡಿದ್ದು ಹೇಳಬೇಕಾದ ವಾಕ್ಯವನ್ನು ಹತ್ತು ಸಲ ಬರೆದೆ. ಒಳ್ಳೆಯ ವಾಕ್ಯ. ಎಲ್ಲೂ ಸುಳ್ಳಿಲ್ಲ.

ಮಾರ್ಚ್ ೨೧, ಮಂಗಳವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೂವರು ನ್ಯಾಯಾಧೀಶರು. ಪರದೆಯಲ್ಲಿ ಲುಸಾಂಬಿಯಾ. ನಾನು ನಲವತ್ತು ನಿಮಿಷ ಮಾತಾಡಿದೆ: ಆತಿಥೇಯ ಒಪ್ಪಂದ, ಮಂಡಳಿಯ ವಶ, ಬೇರೆ ದೇಶಗಳ ನಂಬಿಕೆ. ಚೆನ್ನಾಗೇ ಮಾತಾಡಿದೆ. ಅದರಲ್ಲಿ ನಾನು ಈಗಲೂ ನಂಬುವುದು ಬಹಳ ಇದೆ.

ಪೀಠದ ಅಧ್ಯಕ್ಷರು ಮುದುಕರು, ಮಾತು ನಿಧಾನ. "ಅಭಯಪತ್ರದ ಬಗ್ಗೆ ಒಂದು ಪ್ರಶ್ನೆ. ಇದೇ ಸ್ಥಿತಿಯಲ್ಲಿದ್ದ ಬೇರೆಯವರಿಗೆ ಏನಾಯಿತು ಅಂತ ಸರ್ಕಾರಕ್ಕೆ ಗೊತ್ತಿದೆಯೇ?" ಅಂದರು.

ವಾಕ್ಯ ನನ್ನ ಮುಂದೆ ಇತ್ತು, ಹಳದಿ ಬಣ್ಣ ಬಳಿದುಕೊಂಡು. 'ಖಚಿತ ಮಾಹಿತಿ' ತನಕ ಓದಿದೆ. ಅಲ್ಲಿ ನಿಂತೆ. ನಿಲ್ಲಬೇಕು ಅಂತ ನಿಂತದ್ದಲ್ಲ, ಮುಂದಿನ ಪದ ಬರಲಿಲ್ಲ. ಪಕ್ಕದಲ್ಲಿ ರುಟ್ಗರ್ ನನ್ನ ನಿಲುವಂಗಿಯ ತೋಳು ಹಿಡಿದುಕೊಂಡರು.

"ಗೊತ್ತಿದೆ," ಅಂದೆ.

ನ್ಯಾಯಾಧೀಶರು ತಕ್ಷಣ ಕೈಯೆತ್ತಿ ಪತ್ರಕರ್ತರನ್ನು ಹೊರಗೆ ಕಳಿಸಿದರು. ಬಾಗಿಲು ಹಾಕಿದ ಮೇಲೆ ಆರು ಸಾಲನ್ನೂ ಓದಿದೆ. ಅದು ನನ್ನ ಹತ್ತಿರ ಇತ್ತು. ಯಾಕೆ ತಂದಿದ್ದೆ ಅಂತ ರುಟ್ಗರ್ ಆಮೇಲೆ ಕೇಳಿದರು. ನನಗೂ ಗೊತ್ತಿಲ್ಲ, ಕಡತದಲ್ಲಿ ಇತ್ತು ಅಂದೆ.

ಓಡೆಟ್ ಎರಡು ಹೆಸರು ಹೇಳುವಾಗ ಲುಸಾಂಬಿಯಾ ಪರದೆಯಲ್ಲಿ ಎದ್ದು ನಿಂತರು. ಕೂರಿ ಅಂತ ಯಾರೂ ಹೇಳಲಿಲ್ಲ. ವಿಚಾರಣೆ ಮುಗಿಯುವ ತನಕ ನಿಂತೇ ಇದ್ದರು. ಪರದೆಯಲ್ಲಿ ಅವರ ಅಂಗಿಯ ಗುಂಡಿಗಳು ಮಾತ್ರ ಕಾಣುತ್ತಿದ್ದವು.

ಮಾರ್ಚ್ ೨೨, ಬುಧವಾರ

ಮೀನುಗಾರಿಕೆ ಒಪ್ಪಂದಗಳ ವಿಭಾಗಕ್ಕೆ ಹಾಕಿದ್ದಾರೆ. ಇವತ್ತಿನಿಂದಲೇ. ಆ ಆರು ಸಾಲಿನ ಬಗ್ಗೆ ಹೊರಗೆ ಒಂದು ಮಾತು ಆಡಿದರೂ ಕೆಲಸವಷ್ಟೇ ಅಲ್ಲ, ಮೊಕದ್ದಮೆ ಅಂತ ಸಹಿ ಹಾಕಿಸಿಕೊಂಡರು.

ಅಕ್ಕನಿಗೆ ವಿಭಾಗದ ಹೆಸರು ಹೇಳಿದೆ. ಉಸಿರು ಕಟ್ಟುವ ಹಾಗೆ ನಕ್ಕಳು. ಆಮೇಲೆ ಅಂಗಡಿ ಬಿಟ್ಟು ಹೊರಗೆ ಬಂದು, ಮೀನಿನ ಕೈಯಲ್ಲೇ ನನ್ನ ಕೋಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

ಏಪ್ರಿಲ್ ೭, ಶುಕ್ರವಾರ

ತೀರ್ಪು ಬಂತು. ಅರ್ಜಿದಾರರು ಈ ದೇಶದಲ್ಲಿದ್ದಾರೆ. ಅವರ ಆಶ್ರಯದ ಅರ್ಜಿಯನ್ನು ಎಲ್ಲರ ಅರ್ಜಿಯಂತೆ ಸರ್ಕಾರ ಕೇಳಬೇಕು, ಅಲ್ಲಿಯ ತನಕ ಕಳಿಸುವ ಹಾಗಿಲ್ಲ. 'ಇಬ್ಬರು ವ್ಯಕ್ತಿಗಳ ಗತಿ' ಅಂತ ಮಾತ್ರ ಬರೆದಿದ್ದಾರೆ. ಹೆಸರಿಲ್ಲ, ದಿನಾಂಕವಿಲ್ಲ.

ಕುಣಿಯಬೇಕು ಅನ್ನಿಸಿತು. ಸಂಜೆ ಹನ್ನೆಕೆ ಕಾಲ್ಕ್‌ಮನ್ ಫೋನ್ ಮಾಡಿದರು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಅಷ್ಟರೊಳಗೆ ನ್ಯಾಯಮಂಡಳಿ ಅವರನ್ನು ಬಿಡುತ್ತದೆ. ಬಿಟ್ಟ ಕೂಡಲೇ ಕಾಗದಪತ್ರವಿಲ್ಲದ ಪರದೇಶಿ ಅಂತ ಪೊಲೀಸರು ಹಿಡಿದು ವಿಮಾನ ನಿಲ್ದಾಣದ ಪಕ್ಕದ ಬಂಧನಗೃಹಕ್ಕೆ ಹಾಕುತ್ತಾರೆ.

"ಇದೇನಾ ಗೆಲುವು?" ಅಂದೆ.

"ಇದೇ ಕಣಮ್ಮಾ. ನಮ್ಮ ಕಡೆಯವರ ಗೆಲುವು ಹೀಗೇ ಇರುತ್ತೆ, ನಿನಗೆ ಅಭ್ಯಾಸ ಇಲ್ಲ."

ಏಪ್ರಿಲ್ ೧೯, ಬುಧವಾರ

ಬೆಳಿಗ್ಗೆ ರಜೆ ಹಾಕಿ ಜೈಲಿನ ಗೇಟಿಗೆ ಹೋದೆ. ಹನ್ನೆಕೆ, ಓಡೆಟ್ ಇದ್ದರು. ಸಮುದ್ರದ ಕಡೆಯಿಂದ ಮರಳು ಬೀಸುತ್ತಿತ್ತು.

ಹತ್ತು ಗಂಟೆಗೆ ಚಿಕ್ಕ ಬಾಗಿಲು ತೆರೆಯಿತು. ಲುಸಾಂಬಿಯಾ ಹೊರಗೆ ಬಂದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಪೊಲೀಸ್ ವ್ಯಾನಿಗೆ ಇಪ್ಪತ್ತು ಹೆಜ್ಜೆ. ಪೊಲೀಸಿನವನು ಚಿಕ್ಕ ವಯಸ್ಸಿನವನು, ಅವಸರ ಮಾಡಲಿಲ್ಲ. ಹನ್ನೆಕೆಯ ಕೈ ಕುಲುಕಿದರು. ನನ್ನ ಮುಂದೆ ನಿಂತರು. ಥ್ಯಾಂಕ್ಸ್ ಅನ್ನುತ್ತಾರೆ, ನಾನು ಏನು ಹೇಳಬೇಕು ಅಂತ ಹಿಂದಿನ ದಿನವೇ ಯೋಚಿಸಿಟ್ಟುಕೊಂಡಿದ್ದೆ.

"ಇಲುಂಗಾ ಅವ್ವನಿಗೆ ಯಾರಾದ್ರೂ ಹೇಳಿದ್ರಾ?" ಅಂದರು.

"ಇಲ್ಲ ಅನ್ಸುತ್ತೆ. ಅದು ಗುಟ್ಟಿನ ಕಾಗದ. ಹೇಳುವ ಹಾಗಿಲ್ಲ."

"ಇವರಿಗೂ ಹೇಳುವ ಹಾಗಿಲ್ಲವಂತೆ," ಅಂದರು ಹನ್ನೆಕೆಯನ್ನು ತೋರಿಸಿ. "ನ್ಯಾಯಮಂಡಳಿಯವರಿಗೂ ಇಲ್ಲ. ನನಗೆ ಫೋನ್ ಕೊಡಲ್ಲ. ಅದನ್ನ ಮೊದಲು ಓದಿದ್ದು ನೀವು ಮೇಡಂ."

ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟರು. ಇಲುಂಗಾ ಹಿಂದೆ ಬರೆದುಕೊಟ್ಟಿದ್ದ ತನ್ನ ಮನೆಯ ನಂಬರು. ಮಡಿಸಿ ಮಡಿಸಿ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಆಮೇಲೆ ತಾವೇ ವ್ಯಾನಿನ ಬಾಗಿಲು ಎಳೆದುಕೊಂಡರು.

ಥ್ಯಾಂಕ್ಸ್ ಹೇಳಲೇ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಉರಿ. ಮನೆ ಸೇರುವ ಹೊತ್ತಿಗೆ ಉರಿ ಬೇರೆ ಎಲ್ಲೋ ಹೋಗಿತ್ತು.

ಏಪ್ರಿಲ್ ೨೦, ಗುರುವಾರ

ಫೋನ್ ಮಾಡುವ ವಿಚಾರ ಓಡೆಟ್‌ಗೆ ಹೇಳಿದೆ, ಸಿಕ್ಕಿಬಿದ್ದರೆ ಏನಾಗುತ್ತೆ ಅನ್ನುವುದನ್ನೂ. ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಕೋಟು ಕೂಡ ತೆಗೆಯದೆ ನನ್ನ ಪಕ್ಕ ಕೂತಳು. ಫೋನಿನ ಸ್ಪೀಕರ್ ಹಾಕಿ ನಂಬರು ಒತ್ತಿದೆ.

ಎತ್ತಿದ್ದು ಇಲುಂಗಾ ಅವರ ತಾಯಿಯೇ. ಹೇಳಿದೆ. ಇಂಥ ದಿನ ಕರೆದುಕೊಂಡು ಹೋದರು, ಅದೇ ವಾರ ತೀರಿಕೊಂಡರು ಅಂತ ಜೈಲಿನ ಒಳಗಿದ್ದವರೊಬ್ಬರು ಹೇಳಿದ್ದಾರೆ, ಅದಕ್ಕಿಂತ ಹೆಚ್ಚು ನಮಗೆ ಗೊತ್ತಿಲ್ಲ.

ಆಮೇಲೆ ಆಕೆ ಮಾತಾಡಿದರು. ಓಡೆಟ್ ಸಣ್ಣ ದನಿಯಲ್ಲಿ ಹೇಳುತ್ತಾ ಹೋದಳು.

"ಫೆಬ್ರವರಿ ಎರಡು ಅಂದ್ರಾ? ನಾನು ನಿನ್ನೆ ಊಟ ಕೊಟ್ಟು ಬಂದೆನಲ್ಲ. ವಾರಕ್ಕೆ ಮೂರು ದಿನ ಕೊಡ್ತೀನಿ. ಹುರುಳಿಕಾಳು, ಒಣಮೀನು. ಬಾಗಿಲಲ್ಲಿ ಕಾವಲಿನವನು ಡಬ್ಬಿ ಇಸ್ಕೊಂಡು, ಸಾಯಂಕಾಲ ಖಾಲಿ ಡಬ್ಬಿ ವಾಪಸ್ ಕೊಡ್ತಾನೆ. ನಿನ್ನೇನೂ ಖಾಲಿ ಬಂತು. ಉಪ್ಪು ಸ್ವಲ್ಪ ಕಡಿಮೆ ಇತ್ತಂತೆ ಅಂತ ಹೇಳಿ ಕಳಿಸಿದ್ದ."

ಓಡೆಟ್ ನಿಲ್ಲಿಸಿದಳು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಶುರು ಮಾಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಅಮ್ಮಾ?"

"ಮಾರ್ಚ್ ಹದಿನೇಳಕ್ಕೆ."

ಆಕೆ ಎಣಿಸುತ್ತಿದ್ದರು ಅನ್ನಿಸುತ್ತೆ. ನಾನೂ ಎಣಿಸಿದೆ. ಹದಿನಾಲ್ಕು ಊಟ. ನಾನು ವಾಕ್ಯ ತಿದ್ದಿದ ಆ ಭಾನುವಾರವೂ ಆಕೆ ಕಾಳು ನೆನೆಹಾಕಿದ್ದರು. ಬಯ್ಯುತ್ತಾರೆ ಅಂತ ಕಾದೆ. ಬಯ್ಯಲಿಲ್ಲ.

"ಚಿಬಾಂಡಾ ಹೆಂಡತಿ ಇದೇ ಓಣೀಲಿ ಇದಾಳೆ," ಅಂದರು. "ಇವತ್ತು ಅವಳ ಸರದಿ. ಅಡುಗೆ ಆಗಿದೆ, ಡಬ್ಬಿ ಕಟ್ಟಿದಾಳೆ, ಈಗ ಹೊರಡ್ತಾಳೆ. ನನ್ನ ಕೈಲಿ ಹೇಳೋಕಾಗಲ್ಲ. ಫೋನ್ ಇಡಬೇಡಿ, ಕರ್ಕೊಂಡು ಬರ್ತೀನಿ. ನೀವೇ ಹೇಳಿ."

ಫೋನನ್ನು ಎಲ್ಲೋ ಗಟ್ಟಿ ಜಾಗದಲ್ಲಿ ಇಟ್ಟ ಸದ್ದಾಯಿತು. ಕೋಳಿ ಕೂಗು, ರೇಡಿಯೋದಲ್ಲಿ ಯಾರದೋ ಹಾಡು, ದೂರದಲ್ಲಿ ಹೆಂಗಸೊಬ್ಬರು ಇನ್ನೊಬ್ಬರನ್ನು ಕರೆಯುವುದು. ಓಡೆಟ್ ನನ್ನ ಕೈ ಹಿಡಿದುಕೊಂಡಿದ್ದಳು, ಅಥವಾ ನಾನು ಅವಳದು. ಏಳು ನಿಮಿಷ ಆಯಿತು ಅಂತ ಫೋನು ತೋರಿಸಿತು.

ಹೆಜ್ಜೆ ಸದ್ದು. ಓಡಿ ಬಂದವರ ಉಸಿರು. ಡಬ್ಬಿಯನ್ನು ಕೆಳಗೆ ಇಟ್ಟದ್ದು ಕೇಳಿಸಿತು.

"ಹಲೋ?"

ನಾನು ನನ್ನ ಹೆಸರು ಹೇಳಿದೆ.